ಸರ್ಕಾರಿ ಹೆಸರನ್ನೇ ಹೋಲುವ ವೆಬ್ ವಿಳಾಸ: ಗುರುತಿಸುವುದು ಹೇಗೆ, ಯಾವ ಬಾಗಿಲು ತಟ್ಟಬೇಕು

2023ರ ಆಗಸ್ಟ್ ಕೊನೆಗೆ ಸುಪ್ರೀಂ ಕೋರ್ಟಿನ ರಿಜಿಸ್ಟ್ರಿ ಸಾರ್ವಜನಿಕರಿಗೆ ಒಂದು ಎಚ್ಚರಿಕೆ ಹೊರಡಿಸಿತು. ಕೋರ್ಟಿನ ಜಾಲತಾಣದಂತೆಯೇ ಕಾಣುವ ನಕಲಿ ತಾಣವೊಂದು ಜನರ ವೈಯಕ್ತಿಕ ವಿವರ, ಗೋಪ್ಯ ಮಾಹಿತಿ ಕೇಳುತ್ತಿದೆ, ಯಾರೂ ಕೊಡಬೇಡಿ ಎಂದು. ಕೋರ್ಟಿನ ಅಸಲಿ ಡೊಮೇನ್, ಅಂದರೆ ನೋಂದಾಯಿಸಿಕೊಂಡ ವೆಬ್ ಹೆಸರು, ಎಸ್‌ಸಿಐ ಡಾಟ್ ಗವ್ ಡಾಟ್ ಇನ್. ನಕಲಿ ಮಾಡಿದವರು ‘ಎಸ್‌ಸಿಐ’ ಪಕ್ಕದಲ್ಲೇ ‘ಜಿವಿ’ ಎಂದು ಸೇರಿಸಿ, ಕೊನೆಗೆ ಡಾಟ್ ಕಾಮ್ ಇಟ್ಟಿದ್ದರು. ಮೊಬೈಲಿನ ಸಣ್ಣ ಪರದೆಯಲ್ಲಿ ಅವಸರದಿಂದ ನೋಡುವವರಿಗೆ ಅಷ್ಟು ಸಾಕು.

ಸುಪ್ರೀಂ ಕೋರ್ಟಿಗೆ ವಕೀಲರೂ ತಂತ್ರಜ್ಞರೂ ಇದ್ದಾರೆ. ತಾಲ್ಲೂಕಿನ ಪುರಸಭೆಗೆ, ಮುಜರಾಯಿ ದೇವಸ್ಥಾನಕ್ಕೆ, ಜಿಲ್ಲೆಯ ಸಹಕಾರ ಬ್ಯಾಂಕಿಗೆ, ಹೊಸ ವಿಶ್ವವಿದ್ಯಾಲಯಕ್ಕೆ ಅಂಥ ಅನುಕೂಲವಿಲ್ಲ. ಅಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಒಬ್ಬರ ಹೆಗಲಿಗೇ ಇದೂ ಬೀಳುತ್ತದೆ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ. ನಕಲಿ ತಾಣಕ್ಕೆ ದುಡ್ಡು ಕಟ್ಟಿದವರಿಗೂ, ತಮ್ಮ ಡೊಮೇನಿನ ಮೇಲೆ ನೋಟಿಸ್ ಬಂದು ಗಾಬರಿಯಾದವರಿಗೂ ಬೇಕಾದದ್ದು ಇದರಲ್ಲಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ವಿಳಾಸ ಹೋಲುತ್ತದೆ ಎಂದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಮೋಸಗಾರನೂ ಹೋಲುವ ಹೆಸರು ಇಡುತ್ತಾನೆ, ಕಮಿಷನ್ ಏಜೆಂಟನೂ ಇಡುತ್ತಾನೆ, ನಗರಸಭೆಯನ್ನು ಟೀಕಿಸುವ ನಾಗರಿಕನೂ ಇಡುತ್ತಾನೆ. ಈ ಮೂವರಿಗೆ ಕಾನೂನಿನಲ್ಲಿ ಮೂರು ಬೇರೆ ಬಾಗಿಲುಗಳಿವೆ. ಎದುರಿಗಿರುವವರು ಯಾರೆಂದು ತೀರ್ಮಾನಿಸದೆ ಬರೆದ ದೂರು ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ.

ಮೊದಲು ವಿಳಾಸವನ್ನು ಬಲದಿಂದ ಎಡಕ್ಕೆ ಓದಿ

ಅಂಚೆ ವಿಳಾಸದಲ್ಲಿ ಮನೆಯ ಹೆಸರು ಮೊದಲು, ಊರು ಜಿಲ್ಲೆ ಕೊನೆಗೆ ಬರುವಂತೆಯೇ ವೆಬ್ ವಿಳಾಸದಲ್ಲೂ ಯಜಮಾನ ಯಾರೆಂಬುದು ಕೊನೆಯಲ್ಲಿರುತ್ತದೆ. ಮೊದಲ ಒಂಟಿ ಓರೆಗೆರೆ ಬರುವವರೆಗಿನ ಭಾಗವನ್ನು ತೆಗೆದುಕೊಂಡು ಅದರ ಬಾಲದಿಂದ ಹಿಂದಕ್ಕೆ ಓದಬೇಕು. ಸೇವಾಸಿಂಧುವಿನ ಅಸಲಿ ವಿಳಾಸ ‘ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಕೊನೆಯಲ್ಲಿ ಗವ್ ಡಾಟ್ ಇನ್ ಇದೆ, ಅದರ ಹಿಂದೆ ಕರ್ನಾಟಕ ಇದೆ. ಡಾಟ್ ಇರಬೇಕಾದ ಕಡೆ ಅಡ್ಡಗೆರೆ ಹಾಕಿ ‘ಸೇವಾಸಿಂಧು-ಕರ್ನಾಟಕ-ಗವ್ ಡಾಟ್ ಇನ್’ ಎಂದು ಬರೆದರೆ ಅದು ಬೇರೆಯದೇ ಡೊಮೇನ್. ಹಣ ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದಾದದ್ದು. ಹಾಗೆಯೇ ಅಸಲಿ ವಿಳಾಸವನ್ನು ಪೂರ್ತಿ ಬರೆದು, ಅದರ ಬಾಲಕ್ಕೆ ಇನ್ನೊಂದು ಹೆಸರು ಮತ್ತು ಡಾಟ್ ಕಾಮ್ ಜೋಡಿಸುವುದೂ ಉಂಟು. ಆಗ ಯಜಮಾನ ಆ ಕೊನೆಯ ಹೆಸರಿನವನು. ಎಡಗಡೆಗೆ ಏನು ಬೇಕಾದರೂ ಬರೆದುಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ.

ಗವ್ ಡಾಟ್ ಇನ್ ಮತ್ತು ನಿಕ್ ಡಾಟ್ ಇನ್ ವಲಯಗಳನ್ನು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ನೋಡಿಕೊಳ್ಳುತ್ತದೆ. ಖಾಸಗಿಯವರಿಗೆ ಅವು ಸಿಗುವುದಿಲ್ಲ. ಎಸಿ ಡಾಟ್ ಇನ್ ಶಿಕ್ಷಣ ಸಂಸ್ಥೆಗಳಿಗೆ ಮೀಸಲು, ಅದನ್ನು ಕೊಡುವುದು ಅರ್ನೆಟ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ. ಬ್ಯಾಂಕುಗಳಿಗಾಗಿ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಬ್ಯಾಂಕ್ ಡಾಟ್ ಇನ್ ಎಂಬ ಪ್ರತ್ಯೇಕ ವಲಯ ಪ್ರಕಟಿಸಿ, ಅದೇ ವರ್ಷ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಬರಬೇಕೆಂದು ಗಡುವು ಕೊಟ್ಟಿತು. ಇದು ನಿಜಕ್ಕೂ ಒಳ್ಳೆಯ ಕೆಲಸ. ಬಾಲ ನೋಡಿದರೆ ಸಾಕು ಎಂಬ ಸ್ಥಿತಿ ಬಂದರೆ ಅರ್ಧ ಮೋಸ ಅಲ್ಲಿಗೇ ನಿಲ್ಲುತ್ತದೆ.

ಆದರೆ ಗವ್ ಡಾಟ್ ಇನ್ ಇಲ್ಲದ್ದೆಲ್ಲ ನಕಲಿ ಎಂದು ಸಾರಬೇಡಿ. ನಮ್ಮ ಸಾರಿಗೆ ಸಂಸ್ಥೆ ಬಸ್ ಟಿಕೆಟ್ ಕೊಡುವುದು ಕೆಎಸ್‌ಆರ್‌ಟಿಸಿ ಡಾಟ್ ಇನ್‌ನಲ್ಲಿ. ರೈಲ್ವೆ ಟಿಕೆಟ್ಟಿನ ಐಆರ್‌ಸಿಟಿಸಿ, ಬೆಂಗಳೂರಿನ ಮೆಟ್ರೊ ನಿಗಮ ಎರಡೂ ಸಿಒ ಡಾಟ್ ಇನ್‌ನಲ್ಲಿ ಇರುವಂಥವು. ಮೋಸಗಾರರಿಗೆ ಜಾಗ ಸಿಗುವುದು ಈ ಗೊಂದಲದಲ್ಲೇ. ವಿದೇಶಾಂಗ ಸಚಿವಾಲಯವು ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ನಕಲಿ ವಿಳಾಸಗಳ ಪಟ್ಟಿಯನ್ನೇ ಹಾಕಿದೆ. ಒಂದರಲ್ಲಿ ಪಾಸ್‌ಪೋರ್ಟ್ ಮತ್ತು ಸೇವಾ ನಡುವೆ ಅಡ್ಡಗೆರೆ, ಇನ್ನೊಂದರಲ್ಲಿ ‘ಇಂಡಿಯಾ’ ಮುಂದಕ್ಕೆ ಬಂದು ‘ಪಾಸ್‌ಪೋರ್ಟ್’ ಹಿಂದಕ್ಕೆ, ಮತ್ತೊಂದರಲ್ಲಿ ‘ಆನ್‌ಲೈನ್’ ಎಂಬ ಸೇರ್ಪಡೆ. ಬಾಲಗಳು ಡಾಟ್ ಇನ್, ಡಾಟ್ ಕಾಮ್, ಡಾಟ್ ಆರ್ಗ್. ಅಸಲಿ ವಿಳಾಸ ಒಂದೇ, ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ನಿಮ್ಮ ಕಚೇರಿಯೂ ಇಂಥದೊಂದು ಪಟ್ಟಿಯನ್ನು ಮುಖಪುಟದಲ್ಲೇ ಪ್ರಕಟಿಸಬಹುದು. ಅದಕ್ಕೆ ಖರ್ಚಿಲ್ಲ.

ಅಕ್ಷರಗಳನ್ನೂ ಬಿಡಿಬಿಡಿಯಾಗಿ ನೋಡಿ. ಇಂಗ್ಲಿಷಿನ ಸಣ್ಣ ‘ಎಲ್’, ದೊಡ್ಡ ‘ಐ’ ಮತ್ತು ಅಂಕಿ 1 ಕೆಲವು ಫಾಂಟುಗಳಲ್ಲಿ ಒಂದೇ ತೆರ. ‘ಆರ್’ ಪಕ್ಕ ‘ಎನ್’ ಬಂದರೆ ‘ಎಮ್’ ಕಂಡಂತೆ. ಈಗ ‘ಡಾಟ್ ಭಾರತ’ ಎಂದು ಕನ್ನಡ ಲಿಪಿಯಲ್ಲೂ ಡೊಮೇನ್ ಇರುವುದರಿಂದ ನಮ್ಮ ಲಿಪಿಯ ಹೋಲಿಕೆಗಳೂ ತಿಳಿದಿರಬೇಕು. ಕನ್ನಡ ಮತ್ತು ತೆಲುಗಿನ ಎಷ್ಟೋ ಅಕ್ಷರ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಹಾಗೆಯೇ. ವಿಳಾಸವನ್ನು ನಕಲು ಮಾಡಿ ಸಾದಾ ಪಠ್ಯವಾಗಿ ಅಂಟಿಸಿದಾಗ ‘ಎಕ್ಸ್ಎನ್’ ಎಂಬ ಎರಡಕ್ಷರ ಮತ್ತು ಜೋಡಿ ಅಡ್ಡಗೆರೆಯಿಂದ ಶುರುವಾದರೆ ಅದು ಇಂಗ್ಲಿಷೇತರ ಲಿಪಿಯ ಡೊಮೇನ್ ಎಂದು ಅರ್ಥ. ಬ್ರೌಸರಿನ ಬೀಗದ ಗುರುತನ್ನು ಮಾತ್ರ ನಂಬಬೇಡಿ. ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ನಕಲಿ ತಾಣಕ್ಕೂ ಅದರ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ.

ಎರಡನೆಯದು: ಎದುರಿಗಿರುವವರು ಯಾರು

ತಾಣವನ್ನು ಕಚೇರಿಯ ಕೆಲಸದ ಕಂಪ್ಯೂಟರಿನಲ್ಲಿ ತೆರೆಯಬೇಡಿ. ಬೇರೆ ಯಂತ್ರದಲ್ಲಿ, ಯಾವ ಖಾತೆಗೂ ಲಾಗಿನ್ ಆಗದೆ ನೋಡಿ. ನಿಮ್ಮ ಆಧಾರ್, ಮೊಬೈಲ್ ಸಂಖ್ಯೆ ಯಾವುದನ್ನೂ ತುಂಬಬೇಡಿ.

ಪಾಸ್‌ವರ್ಡ್, ಒಟಿಪಿ, ಕಾರ್ಡಿನ ಸಂಖ್ಯೆ ಕೇಳುತ್ತಿದ್ದರೆ, ಶುಲ್ಕವನ್ನು ವ್ಯಕ್ತಿಯೊಬ್ಬರ ಯುಪಿಐಗೆ ಹಾಕಿಸಿಕೊಳ್ಳುತ್ತಿದ್ದರೆ, ನೇಮಕಾತಿ ಆದೇಶ ಮಾರುತ್ತಿದ್ದರೆ ಅದು ಮೋಸ. ಇನ್ನು ಯೋಚನೆ ಬೇಡ, ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆ ಇವತ್ತೇ ಆಗಬೇಕು.

ಅರ್ಜಿ ತುಂಬಿಕೊಡುತ್ತೇವೆ ಎಂದು ಸರ್ಕಾರದ ಶುಲ್ಕದ ಮೇಲೆ ಇನ್ನಷ್ಟು ಸೇರಿಸಿ ವಸೂಲಿ ಮಾಡುವ ತಾಣ ಎರಡನೆಯ ಬಗೆ. ಪುಟದ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ‘ನಾವು ಸರ್ಕಾರಿ ಸಂಸ್ಥೆಯಲ್ಲ’ ಎಂದಿರುತ್ತದೆ, ಮೇಲೆ ರಾಷ್ಟ್ರ ಲಾಂಛನವಿರುತ್ತದೆ. ಅರ್ಜಿ ನಿಜವಾಗಿಯೂ ಸಲ್ಲಿಕೆಯಾಗುವುದರಿಂದ ಪೊಲೀಸರು ಇದನ್ನು ವಂಚನೆ ಎನ್ನಲು ಹಿಂದೇಟು ಹಾಕಬಹುದು. ಇಲ್ಲಿ ಕೆಲಸಕ್ಕೆ ಬರುವುದು 1950ರ ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆ ತಡೆ ಕಾಯ್ದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ ಆಶ್ರಯವಿದೆ ಎಂದು ಸೂಚಿಸುವ ಹೆಸರು, ಸ್ಥಳೀಯ ಸಂಸ್ಥೆಯೊಂದಿಗೆ ಅಥವಾ ಸರ್ಕಾರ ಕಾನೂನಿನ ಮೂಲಕ ಸ್ಥಾಪಿಸಿದ ನಿಗಮದೊಂದಿಗೆ ಸಂಬಂಧವಿದೆ ಎಂದು ಸೂಚಿಸುವ ಹೆಸರು, ಇವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು ಅದರ ಅನುಸೂಚಿ ಹೇಳುತ್ತದೆ. ರಾಜ್ಯಗಳ ಲಾಂಛನಕ್ಕೂ ಅದರಲ್ಲಿ ರಕ್ಷಣೆ ಇದೆ, ಅಂದರೆ ನಮ್ಮ ಗಂಡಭೇರುಂಡಕ್ಕೂ. ಸಿಂಹ ಲಾಂಛನಕ್ಕೆ 2005ರ ಪ್ರತ್ಯೇಕ ಕಾಯ್ದೆ ಇದೆ, ಅದರಲ್ಲಿ ಎರಡು ವರ್ಷದವರೆಗೆ ಶಿಕ್ಷೆ. ಪುರಸಭೆಗಳು, ದೇವಸ್ಥಾನ ಆಡಳಿತಗಳು ಈ 1950ರ ಕಾಯ್ದೆಯನ್ನು ನೆನಪಿಸಿಕೊಳ್ಳುವುದು ತೀರಾ ಅಪರೂಪ. ಅವುಗಳ ಬಳಿ ಇರುವ ಗಟ್ಟಿ ಆಧಾರವೇ ಅದು. ದುಡ್ಡು ಕಳೆದುಕೊಂಡ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಬಹುದು.

ಮೂರನೆಯ ಬಗೆ ಟೀಕಾಕಾರರು ಮತ್ತು ನಾಮಸಾಮ್ಯದವರು. ವಾರ್ಡಿನ ಗುಂಡಿಗಳ ಚಿತ್ರ ಹಾಕಲು ಒಬ್ಬರು ನಗರಸಭೆಯ ಹೆಸರು ಸೇರಿಸಿ ತಾಣ ಮಾಡಿದ್ದಾರೆ ಎನ್ನಿ. ಹಣ ಕೇಳುತ್ತಿಲ್ಲ, ತಾನೇ ನಗರಸಭೆ ಎಂದು ಹೇಳಿಕೊಳ್ಳುತ್ತಿಲ್ಲ. ಇಂಥವರ ಮೇಲೆ ಡೊಮೇನ್ ಕಾನೂನು ಪ್ರಯೋಗಿಸುವುದು ತಪ್ಪು ಎಂದೇ ನನ್ನ ನಂಬಿಕೆ. ವ್ಯಾಪಾರೋದ್ದೇಶವಿಲ್ಲದ ನ್ಯಾಯೋಚಿತ ಬಳಕೆಯನ್ನು ಅಂತರರಾಷ್ಟ್ರೀಯ ನಿಯಮವೂ ಭಾರತದ ನಿಯಮವೂ ಮಾನ್ಯ ಮಾಡಿವೆ. ಅವರಿಗೆ ಒಂದು ಪತ್ರ ಬರೆದು ‘ಇದು ಅಧಿಕೃತ ತಾಣವಲ್ಲ’ ಎಂಬ ಸಾಲನ್ನು ಮೇಲ್ಗಡೆ ಹಾಕಿ ಎಂದು ಕೇಳಿ. ಗುಂಡಿಯನ್ನೂ ಮುಚ್ಚಿಸಿ.

ಮೂರನೆಯದು: ಅಳಿಸಿಹೋಗುವ ಮೊದಲು ಸಾಕ್ಷ್ಯ

ದೂರು ಹೋದ ಸುಳಿವು ಸಿಕ್ಕರೆ ತಾಣ ಆ ರಾತ್ರಿಯೇ ಮಾಯವಾಗುತ್ತದೆ, ಮುಂದಿನ ವಾರ ಬೇರೆ ಹೆಸರಿನಲ್ಲಿ ಏಳುತ್ತದೆ. ಆದ್ದರಿಂದ ಯಾರಿಗೂ ನೋಟಿಸ್ ಕಳಿಸುವ ಮೊದಲು ಇದನ್ನು ಮುಗಿಸಿ.

ಪ್ರತಿ ಪುಟದ ಚಿತ್ರ ತೆಗೆಯಿರಿ. ವಿಳಾಸಪಟ್ಟಿಯೂ ದಿನಾಂಕ ಸಮಯವೂ ಅದರಲ್ಲಿ ಕಾಣಬೇಕು. ಹಣ ಕಟ್ಟುವ ಪುಟದ ಯುಪಿಐ ಐಡಿ, ಖಾತೆ ಸಂಖ್ಯೆ, ವಾಟ್ಸ್ಆ್ಯಪ್ ಸಂಖ್ಯೆ ಇವುಗಳಿಗೆ ವಿಶೇಷ ಗಮನ ಕೊಡಿ. ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ತಿಳಿಯದೆ ಹೋದರೂ ಹಣ ಹೋದ ಜಾಡು ಉಳಿದಿರುತ್ತದೆ. ತಾಣವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ. ಅದು ನಿಮ್ಮದಲ್ಲದ ಮೂರನೆಯ ಕಡೆಯ ದಾಖಲೆಯಾದ್ದರಿಂದ ತೂಕ ಜಾಸ್ತಿ.

ನಂತರ ನೋಂದಣಿ ವಿವರ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದವಕ್ಕೆ ಜಗತ್ತಿನ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟ, ಡಾಟ್ ಇನ್‌ಗೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ, ನಡೆಸುವ ರಿಜಿಸ್ಟ್ರಿಯ ಹೂಇಸ್ ಪುಟ. ಕೊಂಡವರ ಹೆಸರು ಬಹುಪಾಲು ಮರೆಯಾಗಿರುತ್ತದೆ. ಅದಕ್ಕೆ ನಿರಾಶರಾಗಬೇಕಿಲ್ಲ. ನಿಮಗೆ ಬೇಕಾದದ್ದು ಯಾವ ರಿಜಿಸ್ಟ್ರಾರ್ (ಡೊಮೇನ್ ಮಾರುವ ಕಂಪನಿ) ಮಾರಿದ್ದು, ಯಾವ ದಿನ ನೋಂದಣಿಯಾದದ್ದು, ಹೆಸರನ್ನು ತಾಣಕ್ಕೆ ಜೋಡಿಸುವ ನೇಮ್‌ಸರ್ವರ್ ಯಾವುದು, ದುರ್ಬಳಕೆ ದೂರಿಗೆ ಯಾವ ಇಮೇಲ್. ನಿಮ್ಮ ಇಲಾಖೆ ಯೋಜನೆ ಘೋಷಿಸಿದ ಮೂರನೆಯ ದಿನ ಆ ಹೆಸರು ನೋಂದಣಿಯಾಗಿದ್ದರೆ ದುರುದ್ದೇಶಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಸಿಗದು. ಆ ಡೊಮೇನಿಗೆ ಎಂಎಕ್ಸ್ ದಾಖಲೆ, ಅಂದರೆ ಇಮೇಲ್ ಪಡೆಯುವ ವ್ಯವಸ್ಥೆ ಇದೆಯೇ ಎಂದೂ ಪರೀಕ್ಷಿಸಿ. ಪುಟ ಖಾಲಿಯಿದ್ದು ಇಮೇಲ್ ಮಾತ್ರ ಸಿದ್ಧವಾಗಿದ್ದರೆ ಅಧಿಕಾರಿಯ ಹೆಸರಿನಲ್ಲಿ ಗುತ್ತಿಗೆದಾರರಿಗೆ ಪತ್ರ ಹೋಗಲಿದೆ ಎಂದು ಎಚ್ಚರಗೊಳ್ಳಬೇಕು.

ಇವೆಲ್ಲ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮು ಇದ್ದ ಜಾಗಕ್ಕೆ ಬಂದದ್ದು ಇದು. ಕಡತಗಳ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಬೆರಳಚ್ಚನ್ನು, ಅದರಲ್ಲಿ ನಮೂದಿಸಬೇಕಾದ್ದರಿಂದ, ಉಳಿಸಿದ ದಿನವೇ ಹ್ಯಾಶ್ ತೆಗೆದಿಟ್ಟುಕೊಳ್ಳಿ.

ನಾಲ್ಕನೆಯದು: ಹಣ ಹೋಗುತ್ತಿದ್ದರೆ ಮೊದಲು ಬೆಂಕಿ ಆರಿಸಿ

ಹಣ ಕಳೆದುಕೊಂಡವರು ತಕ್ಷಣ 1930ಕ್ಕೆ ಕರೆ ಮಾಡಬೇಕು, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದೂರು ದಾಖಲಿಸಬೇಕು. ಬೇಗ ಕರೆ ಬಂದಷ್ಟೂ ಹಣವನ್ನು ಮಧ್ಯದ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಕರ್ನಾಟಕದಲ್ಲಿ ಈ ಪ್ರಕರಣಗಳನ್ನು ನೋಡಿಕೊಳ್ಳಲು ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿವೆ. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮನ್ನು ಹೆಸರಿಸಿ. ಕಂಪ್ಯೂಟರ್ ಬಳಸಿ ಬೇರೊಬ್ಬರ ಸೋಗು ಹಾಕಿ ವಂಚಿಸುವುದಕ್ಕೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಸರ್ಕಾರಿ ನೌಕರನ ಸೋಗು ಹಾಕಿದ್ದರೆ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮನ್ನೂ ಸೇರಿಸಿ.

ಕಚೇರಿಯವರು ಇದೇ ಹೊತ್ತಿಗೆ ಮೂರು ಇಮೇಲ್ ಕಳಿಸಬೇಕು: ರಿಜಿಸ್ಟ್ರಾರಿನ ದುರ್ಬಳಕೆ ವಿಭಾಗಕ್ಕೆ, ತಾಣಕ್ಕೆ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿಗೆ, ಮತ್ತು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ. ಐಕ್ಯಾನ್ ಒಪ್ಪಂದಕ್ಕೆ 2024ರ ಏಪ್ರಿಲ್ 5ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಫಿಶಿಂಗ್, ಅಂದರೆ ಸೋಗು ಹಾಕಿ ಮಾಹಿತಿ ಕದಿಯುವುದು, ನಡೆಯುತ್ತಿದೆ ಎಂಬುದಕ್ಕೆ ಕ್ರಮ ಕೈಗೊಳ್ಳುವಷ್ಟು ಸಾಕ್ಷ್ಯ ಸಿಕ್ಕಿದರೆ ಡಾಟ್ ಕಾಮ್‌ನಂಥ ಡೊಮೇನ್ ಮಾರಿದ ರಿಜಿಸ್ಟ್ರಾರ್ ಅದನ್ನು ತಡೆಯಲೇಬೇಕು. ಪತ್ರದಲ್ಲಿ ‘ನಮ್ಮ ಘನತೆಗೆ ಧಕ್ಕೆ’ ಎಂಬಂಥ ಮಾತು ಬರೆದು ಪ್ರಯೋಜನವಿಲ್ಲ. ‘ಈ ವಿಳಾಸ, ಈ ಪುಟ, ಈ ದಿನ ಈ ಸಮಯ, ಇಂತಿಂಥ ಮಾಹಿತಿ ಕದಿಯುತ್ತಿದೆ, ಚಿತ್ರ ಲಗತ್ತಿಸಿದೆ, ನಮ್ಮ ಅಧಿಕೃತ ವಿಳಾಸ ಇದು’ ಎಂದು ಐದು ಸಾಲಿನಲ್ಲಿ ಬರೆಯಿರಿ. ಗೂಗಲ್ ಸೇಫ್ ಬ್ರೌಸಿಂಗ್‌ಗೂ ವರದಿ ಮಾಡಿ. ಅವರು ಒಪ್ಪಿದರೆ ಕ್ರೋಮ್ ಮುಂತಾದ ಬ್ರೌಸರುಗಳಲ್ಲಿ ಆ ತಾಣ ತೆರೆದಾಗ ಕೆಂಪು ಎಚ್ಚರಿಕೆ ಬರುತ್ತದೆ. ಜನ ನಕಲಿ ತಾಣಕ್ಕೆ ಹುಡುಕಾಟದ ಜಾಹೀರಾತಿನಿಂದ ಬರುತ್ತಿದ್ದರೆ ಆ ಜಾಹೀರಾತನ್ನೂ ಪ್ರತ್ಯೇಕವಾಗಿ ವರದಿ ಮಾಡಬೇಕು.

ಇಷ್ಟರಿಂದ ತಾಣ ನಿಲ್ಲಬಹುದು, ಆದರೆ ಡೊಮೇನ್ ನಿಮ್ಮ ಕೈಗೆ ಬರುವುದಿಲ್ಲ. ನೋಂದಣಿ ಅವಧಿ ಮುಗಿದ ಮೇಲೆ ಇನ್ನೊಬ್ಬರು ಕೊಳ್ಳಬಹುದು. ಹೆಸರೇ ಬೇಕು ಎಂದರೆ ಮುಂದಿನ ಹೆಜ್ಜೆ.

ಐದನೆಯದು: ಹೆಸರನ್ನೇ ವಾಪಸು ಪಡೆಯುವ ದಾರಿ

ಬಾಲ ಡಾಟ್ ಇನ್ ಅಥವಾ ಡಾಟ್ ಭಾರತ ಆಗಿದ್ದರೆ ನಿಕ್ಸಿಯ ಡೊಮೇನ್ ವಿವಾದ ಇತ್ಯರ್ಥ ನೀತಿ, ಅಂದರೆ ಐಎನ್‌ಡಿಆರ್‌ಪಿ. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಮುಂತಾದವಾಗಿದ್ದರೆ ಐಕ್ಯಾನ್ 1999ರಲ್ಲಿ ತಂದ ಅಂಥದೇ ನೀತಿ, ಯುಡಿಆರ್‌ಪಿ. ಎರಡನೆಯದರ ದೂರುಗಳನ್ನು ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೊ, ಮತ್ತು ಇನ್ನೂ ಕೆಲವು ಕೇಂದ್ರಗಳು ಆಲಿಸುತ್ತವೆ. ಎಲ್ಲ ನಡೆಯುವುದು ಕಾಗದಪತ್ರದ ಮೇಲೆ, ಇಮೇಲಿನಲ್ಲಿ. ಜಿನೀವಾಕ್ಕೆ ಹೋಗಬೇಕಿಲ್ಲ.

ಎರಡರಲ್ಲೂ ಮೂರು ಸಂಗತಿ ಸಾಬೀತಾಗಬೇಕು. ಡೊಮೇನ್ ನಿಮಗೆ ಹಕ್ಕಿರುವ ಹೆಸರನ್ನು ಗೊಂದಲವಾಗುವಷ್ಟು ಹೋಲುತ್ತದೆ. ಅದನ್ನು ಕೊಂಡವರಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತಾಸಕ್ತಿ ಇಲ್ಲ. ದುರುದ್ದೇಶವಿದೆ. ಮೇಲ್ನೋಟಕ್ಕೆ ಒಂದೇ ಆದರೂ ಒಳಗೆ ಎರಡು ವ್ಯತ್ಯಾಸಗಳಿವೆ, ಸಾರ್ವಜನಿಕ ಸಂಸ್ಥೆಗಳ ಪಾಲಿಗೆ ಎರಡೂ ದೊಡ್ಡವು. ಯುಡಿಆರ್‌ಪಿ ಕೇಳುವುದು ಟ್ರೇಡ್‌ಮಾರ್ಕ್. ಐಎನ್‌ಡಿಆರ್‌ಪಿ ಟ್ರೇಡ್‌ಮಾರ್ಕಿನ ಜೊತೆಗೆ ‘ಹೆಸರು’ ಎಂಬುದನ್ನೂ ಒಪ್ಪುತ್ತದೆ. ಟ್ರೇಡ್‌ಮಾರ್ಕ್ ಮಾಡಿಸದ ಪುರಸಭೆಗೂ ದೇವಸ್ಥಾನಕ್ಕೂ ಇದರಿಂದ ಅವಕಾಶ ತೆರೆಯುತ್ತದೆ. ಇನ್ನೊಂದು, ಯುಡಿಆರ್‌ಪಿಯಲ್ಲಿ ದುರುದ್ದೇಶದಿಂದ ನೋಂದಾಯಿಸಿದ್ದೂ ಸಾಬೀತಾಗಬೇಕು, ದುರುದ್ದೇಶದಿಂದ ಬಳಸುತ್ತಿರುವುದೂ ಸಾಬೀತಾಗಬೇಕು. ಐಎನ್‌ಡಿಆರ್‌ಪಿಯಲ್ಲಿ ಎರಡರಲ್ಲಿ ಒಂದು ಸಾಕು.

ಟ್ರೇಡ್‌ಮಾರ್ಕ್ ಇಲ್ಲದೆ ಯುಡಿಆರ್‌ಪಿಗೆ ಹೋಗುವವರು ಆ ಹೆಸರು ಕೇಳಿದರೆ ಜನರಿಗೆ ತಮ್ಮ ಸಂಸ್ಥೆಯೇ ನೆನಪಾಗುತ್ತದೆ ಎಂದು ದಾಖಲೆಯಿಂದ ತೋರಿಸಬೇಕು. ಸ್ಥಾಪನೆಯ ಅಧಿಸೂಚನೆ, ಹಳೆಯ ರಸೀದಿಗಳು, ಪತ್ರಿಕಾ ವರದಿಗಳು, ವಾರ್ಷಿಕ ವರದಿ, ತಾಣಕ್ಕೆ ಬರುವವರ ಸಂಖ್ಯೆ ಇವೆಲ್ಲ ಬೇಕಾಗುತ್ತವೆ. ಬರೀ ಊರಿನ ಹೆಸರಾದರೆ ಸೋಲುವ ಅಪಾಯ ಹೆಚ್ಚು. ನ್ಯೂಜಿಲೆಂಡ್ ಡಾಟ್ ಕಾಮ್ ಎಂಬ ಹೆಸರು ಅಮೆರಿಕದ ಖಾಸಗಿ ಕಂಪನಿಯೊಂದರ ಬಳಿ ಇತ್ತು. ನ್ಯೂಜಿಲೆಂಡ್ ಸರ್ಕಾರ 2002ರಲ್ಲಿ ವೈಪೊಗೆ ಹೋಗಿ ಸೋತಿತು. ದೇಶದ ಹೆಸರು ತಾನೇ ತಾನಾಗಿ ಟ್ರೇಡ್‌ಮಾರ್ಕ್ ಆಗುವುದಿಲ್ಲ ಎಂಬ ಕಾರಣ ಒಂದು. ಅದಕ್ಕಿಂತ ಮುಜುಗರದ್ದು, ಸರ್ಕಾರವೇ ಈ ವಿಧಾನವನ್ನು ದುರ್ಬಳಕೆ ಮಾಡಿಕೊಂಡು ಡೊಮೇನ್ ಕಸಿಯಲು ಯತ್ನಿಸಿದೆ ಎಂದು ತೀರ್ಪಿನಲ್ಲೇ ದಾಖಲಾಯಿತು. ಮರುವರ್ಷ ಸುಮಾರು 10 ಲಕ್ಷ ನ್ಯೂಜಿಲೆಂಡ್ ಡಾಲರ್ ತೆತ್ತು ಆ ಹೆಸರನ್ನು ಕೊಳ್ಳಬೇಕಾಯಿತು. ಸ್ಪೇನಿನ ಬಾರ್ಸಿಲೋನಾ ನಗರಸಭೆ 2000ದಲ್ಲಿ ವೈಪೊದಲ್ಲಿ ಗೆದ್ದಿತ್ತು, ಆದರೆ ಎದುರಾಳಿ ಅಮೆರಿಕದ ನ್ಯಾಯಾಲಯಕ್ಕೆ ಹೋದ. 2003ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಊರಿನ ಹೆಸರಿಗೆ ಅಂಥ ಹಕ್ಕಿಲ್ಲ ಎಂದು ಅದನ್ನು ತಿರುಗಿಸಿತು. ಆದ್ದರಿಂದ ನಿಮ್ಮ ದೂರು ‘ಹಾಸನ’ ಎಂಬ ಹೆಸರಿನ ಮೇಲೆ ನಿಲ್ಲಬಾರದು, ‘ಹಾಸನ ನಗರಸಭೆ’ ಎಂದು ಜನ ನಂಬಿ ಮೋಸಹೋಗುತ್ತಿರುವುದರ ಮೇಲೆ ನಿಲ್ಲಬೇಕು.

ಖರ್ಚು, ಕಾಲ ಎರಡನ್ನೂ ಮೊದಲೇ ಲೆಕ್ಕ ಹಾಕಿ. ವೈಪೊದಲ್ಲಿ ಒಂದರಿಂದ ಐದು ಡೊಮೇನಿಗೆ, ಒಬ್ಬರೇ ತೀರ್ಪುಗಾರರಾದರೆ 1,500 ಅಮೆರಿಕನ್ ಡಾಲರ್ ಶುಲ್ಕ. ಎದುರಾಳಿಗೆ ಉತ್ತರಿಸಲು 20 ದಿನ, ತೀರ್ಪುಗಾರರು ನೇಮಕವಾದ ಮೇಲೆ ತೀರ್ಪಿಗೆ ಸಾಮಾನ್ಯವಾಗಿ 14 ದಿನ, ಜಾರಿಗೆ ಇನ್ನೂ 10 ಕೆಲಸದ ದಿನ. ಮರೆಯಾಗಿದ್ದ ನೋಂದಣಿದಾರರ ಹೆಸರನ್ನು ದೂರು ಸಲ್ಲಿಸಿದ ಮೇಲೆ ರಿಜಿಸ್ಟ್ರಾರ್ ವೈಪೊಗೆ ಕೊಡುತ್ತಾನೆ, ಆಗ ದೂರನ್ನು ತಿದ್ದಬಹುದು. ನಿಕ್ಸಿಯ ಶುಲ್ಕ ಅದರ ತಾಣದಲ್ಲಿದೆ. ಅಲ್ಲಿ ಮಧ್ಯಸ್ಥಗಾರರು 1996ರ ಮಧ್ಯಸ್ಥಿಕೆ ಕಾಯ್ದೆಯಡಿ 60 ದಿನದಲ್ಲಿ ತೀರ್ಪು ಕೊಡಬೇಕು, ಇನ್ನೂ 30 ದಿನ ವಿಸ್ತರಿಸಬಹುದು. ತೀರ್ಪಿಗೆ ಅದೇ ಕಾಯ್ದೆಯ 34ನೇ ಕಲಮಿನಡಿ ಸವಾಲು ಹಾಕಬಹುದು. ಪರಿಹಾರ ಧನ ಎರಡೂ ಕಡೆ ಇಲ್ಲ. ಡೊಮೇನ್ ವರ್ಗಾವಣೆ ಅಥವಾ ರದ್ದು, ಅಷ್ಟೇ. ವರ್ಗಾವಣೆಯನ್ನೇ ಕೇಳಿ. ರದ್ದಾದ ಹೆಸರನ್ನು ಮರುದಿನ ಇನ್ನೊಬ್ಬರು ಕೊಳ್ಳುತ್ತಾರೆ.

ದೂರಿಗೆ ಸಹಿ ಹಾಕುವವರಿಗೆ ಅಧಿಕಾರವಿದೆಯೇ ಎಂಬ ಪ್ರಶ್ನೆಯನ್ನು ಹಗುರವಾಗಿ ನೋಡಬೇಡಿ. ನಗರಸಭೆಯಾದರೆ ಪೌರಾಯುಕ್ತರ ಆದೇಶ ಅಥವಾ ಸಭೆಯ ನಿರ್ಣಯ, ವಿಶ್ವವಿದ್ಯಾಲಯವಾದರೆ ಕುಲಸಚಿವರ ಪತ್ರ, ದೇವಸ್ಥಾನವಾದರೆ ಕಾರ್ಯನಿರ್ವಹಣಾಧಿಕಾರಿಯ ಅಧಿಕಾರಪತ್ರ ದೂರಿನ ಜೊತೆಗೇ ಇರಲಿ. ಶುಲ್ಕಕ್ಕೆ ಆರ್ಥಿಕ ಮಂಜೂರಾತಿ ಪಡೆಯುವುದಕ್ಕೇ ಸಮಯ ಹಿಡಿಯುವುದರಿಂದ ಕಡತವನ್ನು ಮೊದಲ ದಿನವೇ ಮಂಡಿಸಿ.

ಕೋರ್ಟಿಗೆ ಯಾವಾಗ

ಎದುರಾಳಿಗಳು ಹತ್ತಾರು ಹೆಸರು ಒಟ್ಟಿಗೆ ಕೊಂಡಿದ್ದರೆ, ನಷ್ಟ ಪರಿಹಾರ ಬೇಕಿದ್ದರೆ, ತಕ್ಷಣದ ತಡೆಯಾಜ್ಞೆ ಬೇಕಿದ್ದರೆ ಕೋರ್ಟ್. ಭಾರತದಲ್ಲಿ ಡೊಮೇನಿಗಾಗಿ ಪ್ರತ್ಯೇಕ ಕಾಯ್ದೆ ಇಲ್ಲ. ಆ ಕೊರತೆಯನ್ನು ತುಂಬಿದ ತೀರ್ಪು ಬೆಂಗಳೂರಿನಿಂದಲೇ ಹೊರಟದ್ದು. ಸತ್ಯಂ ಇನ್ಫೋವೇ ತನ್ನ ‘ಸಿಫಿ’ ಹೆಸರನ್ನು ಹೋಲುವ ಡೊಮೇನುಗಳ ವಿರುದ್ಧ ಇಲ್ಲಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ ತಡೆಯಾಜ್ಞೆ ಪಡೆಯಿತು. ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್, ಡೊಮೇನ್ ಎಂಬುದು ಬರೀ ವಿಳಾಸವಲ್ಲ, ವ್ಯಾಪಾರದ ಗುರುತು, ಒಬ್ಬರ ಸರಕನ್ನು ಇನ್ನೊಬ್ಬರದೆಂದು ಸಾಗಹಾಕದಂತೆ ತಡೆಯುವ ಟ್ರೇಡ್‌ಮಾರ್ಕಿನ ಸೋಗುತಡೆ (ಪಾಸಿಂಗ್ ಆಫ್) ತತ್ವ ಅದಕ್ಕೂ ಅನ್ವಯ ಎಂದು ತಡೆಯಾಜ್ಞೆಯನ್ನು ಮರಳಿ ಕೊಟ್ಟಿತು. ನಿಮ್ಮ ವಕೀಲರು ಆರಂಭಿಸುವುದು ಈ ತೀರ್ಪಿನಿಂದಲೇ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಡೊಮೇನ್ ವಿವಾದವನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಎದುರಾಳಿ ಯಾರೆಂದೇ ಗೊತ್ತಿಲ್ಲದಿದ್ದರೆ ‘ಅಶೋಕ್ ಕುಮಾರ್’ ಎಂಬ ಅನಾಮಧೇಯ ಹೆಸರಿನ ಮೇಲೆ ಆದೇಶ ಪಡೆಯುವ ಪದ್ಧತಿ ನಮ್ಮ ಹೈಕೋರ್ಟುಗಳಲ್ಲಿ ನಡೆದುಬಂದಿದೆ.

ಎರಡೂ ಕಡೆ ಸರ್ಕಾರವೇ ಇದ್ದರೆ

ಇದಕ್ಕೆ ಕೆಎಸ್‌ಆರ್‌ಟಿಸಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕೇರಳದ ಸಾರಿಗೆ ಸಂಸ್ಥೆ 1965ರಿಂದ ಆ ಹೆಸರಿನಲ್ಲಿದೆ. ನಮ್ಮದು ಮೈಸೂರು ರಾಜ್ಯ ಕರ್ನಾಟಕವಾದ 1973ರಲ್ಲಿ ಆ ಸಂಕ್ಷಿಪ್ತ ಹೆಸರು ಪಡೆಯಿತು. ಟ್ರೇಡ್‌ಮಾರ್ಕ್ ನೋಂದಣಿ ಮೊದಲು ಮಾಡಿಸಿದ್ದು ಕರ್ನಾಟಕ, 2013ರಲ್ಲಿ. ಕೆಎಸ್‌ಆರ್‌ಟಿಸಿ ಡಾಟ್ ಇನ್ ಕೂಡ ಕರ್ನಾಟಕದ ಬಳಿಯೇ. 2021ರಲ್ಲಿ ಕೇರಳ ತನಗೂ ನೋಂದಣಿ ಸಿಕ್ಕಿದೆ ಎಂದು ಹೇಳಿ ಹೆಸರು ತನ್ನದೇ ಎಂದಾಗ ಎರಡೂ ರಾಜ್ಯದಲ್ಲಿ ಮಾತಿಗೆ ಮಾತು ಬೆಳೆಯಿತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ತಿರಸ್ಕರಿಸಿದ್ದರಿಂದ ಕರ್ನಾಟಕ ಹೆಸರು ಉಳಿಸಿಕೊಂಡಿತು.

ಇಲ್ಲಿ ಯಾರಿಗೂ ದುರುದ್ದೇಶವಿಲ್ಲ, ಇಬ್ಬರೂ ಪ್ರಾಮಾಣಿಕವಾಗಿ ಬಳಸಿದವರು. ಹೀಗಿದ್ದಲ್ಲಿ ಡೊಮೇನ್ ದೂರು ನಿಲ್ಲುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಬರುವ ಪ್ರಯಾಣಿಕರಿಗೆ ಬೇಕಾಗಿರುವುದು ಎರಡೂ ತಾಣಗಳ ಮೇಲ್ಗಡೆ ‘ಇದು ಇಂಥ ರಾಜ್ಯದ್ದು, ಆ ರಾಜ್ಯದ ಟಿಕೆಟ್ಟಿಗೆ ಇಲ್ಲಿ ಒತ್ತಿ’ ಎಂಬ ಒಂದು ಸಾಲು. ಎರಡು ಸಾರ್ವಜನಿಕ ಸಂಸ್ಥೆಗಳು ವಕೀಲರಿಗೆ ಸುರಿಯುವುದು ಒಂದೇ ಜನರ ತೆರಿಗೆಯನ್ನು. ಆದ್ದರಿಂದ ಪತ್ರವ್ಯವಹಾರ, ಜಂಟಿ ಸಭೆ, ಪರಸ್ಪರ ಕೊಂಡಿ, ಇವು ಮುಗಿದ ಮೇಲಷ್ಟೇ ದಾವೆಯ ಮಾತು.

ನೋಟಿಸ್ ನಿಮಗೇ ಬಂದಿದ್ದರೆ

ಸುಮ್ಮನಿರಬೇಡಿ. ಉತ್ತರಿಸದವರ ಮೇಲೆ ದೂರುದಾರ ಹೇಳಿದ್ದೇ ಬಹುಮಟ್ಟಿಗೆ ಒಪ್ಪಿತವಾಗುತ್ತದೆ. ಡೊಮೇನನ್ನು ‘ಇಷ್ಟು ಲಕ್ಷ ಕೊಟ್ಟರೆ ಬಿಡುತ್ತೇನೆ’ ಎಂದು ಮಾತ್ರ ಬರೆಯಬೇಡಿ, ಮಾರುವುದಕ್ಕೆಂದೇ ಕೊಂಡದ್ದು ದುರುದ್ದೇಶದ ಮೊದಲ ಲಕ್ಷಣ ಎಂದು ನಿಯಮದಲ್ಲೇ ಇದೆ. ನೋಟಿಸಿಗಿಂತ ಮೊದಲಿನಿಂದ ಪ್ರಾಮಾಣಿಕವಾಗಿ ಬಳಸುತ್ತಿದ್ದೀರಿ, ಅಥವಾ ಆ ಹೆಸರಿನಿಂದಲೇ ನಿಮ್ಮನ್ನು ಜನ ಕರೆಯುತ್ತಾರೆ, ಅಥವಾ ಲಾಭಕ್ಕಲ್ಲದೆ ಟೀಕೆಗೋ ಮಾಹಿತಿಗೋ ಬಳಸುತ್ತೀರಿ ಎಂಬುದಕ್ಕೆ ದಾಖಲೆ ಹೊಂದಿಸಿ. ಈ ಮೂರರಲ್ಲಿ ಒಂದು ಗಟ್ಟಿಯಾಗಿದ್ದರೂ ರಕ್ಷಣೆ ಇದೆ. ಸರ್ಕಾರದ ಲಾಂಛನ ಬಳಸಿದ್ದರೆ ಇವತ್ತೇ ತೆಗೆಯಿರಿ.

ಹಳೆಯ ಡೊಮೇನನ್ನು ಅನಾಥ ಮಾಡಬೇಡಿ

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುವುದು ಇದು. ಯೋಜನೆಯೊಂದಕ್ಕೆ ಅವಸರದಲ್ಲಿ ಡಾಟ್ ಕಾಮ್ ಕೊಳ್ಳುತ್ತಾರೆ. ಅದೂ ಗುತ್ತಿಗೆದಾರರ ಇಮೇಲಿನಲ್ಲಿ, ಅವರ ಕಾರ್ಡಿನಲ್ಲಿ. ಮುಂದೆ ಗವ್ ಡಾಟ್ ಇನ್‌ಗೆ ಬದಲಾಗುತ್ತಾರೆ. ಹಳೆಯದನ್ನು ನವೀಕರಿಸುವವರು ಯಾರೂ ಇಲ್ಲ. ಅವಧಿ ಮುಗಿದ ಡಾಟ್ ಕಾಮ್‌ಗೆ ರಿಜಿಸ್ಟ್ರಾರ್ ಸಾಮಾನ್ಯವಾಗಿ 45 ದಿನದವರೆಗೆ ಅವಕಾಶ ಕೊಡುತ್ತಾನೆ, ಆಮೇಲೆ ಹೆಚ್ಚು ಹಣ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಕೊನೆಗೆ 5 ದಿನದಲ್ಲಿ ಅಳಿದುಹೋಗುತ್ತದೆ. ಆ ಕ್ಷಣಕ್ಕೆ ಕಾದು ಕೂತ ಯಂತ್ರಗಳು ಅದನ್ನು ಕೊಳ್ಳುತ್ತವೆ. ಹಳೆಯ ಸುತ್ತೋಲೆ, ಶಾಲೆಯ ಗೋಡೆಬರಹ, ಬೇರೆ ಇಲಾಖೆಗಳ ಪುಟ ಎಲ್ಲವೂ ಇನ್ನೂ ಆ ವಿಳಾಸವನ್ನೇ ತೋರಿಸುತ್ತಿರುತ್ತವೆ, ಒತ್ತಿದರೆ ಜೂಜಿನ ತಾಣ. ಆ ಡೊಮೇನಿನ ಇಮೇಲಿನಿಂದ ತೆರೆದಿದ್ದ ಸಾಮಾಜಿಕ ಜಾಲತಾಣದ ಖಾತೆಗಳ ಪಾಸ್‌ವರ್ಡನ್ನೂ ಹೊಸ ಯಜಮಾನ ಬದಲಿಸಿಕೊಳ್ಳಬಲ್ಲ.

ಆದ್ದರಿಂದ ಮೊದಲು ನಿಮ್ಮ ಕಚೇರಿ ಇದುವರೆಗೆ ಬಳಸಿದ ಎಲ್ಲ ಡೊಮೇನುಗಳ ಪಟ್ಟಿ ಮಾಡಿ. ನೋಂದಣಿ ಖಾತೆ ಗುತ್ತಿಗೆದಾರರದಾಗಿದ್ದರೆ ಅಂತಿಮ ಬಿಲ್ಲು ಪಾವತಿಸುವ ಮೊದಲು ಕಚೇರಿಯ ಇಮೇಲಿಗೆ ವರ್ಗಾಯಿಸಿಕೊಳ್ಳಿ. ಮುಂದಿನ ಟೆಂಡರಿನಲ್ಲಿ ಇದನ್ನು ಷರತ್ತಾಗಿಯೇ ಬರೆಯಿರಿ. ಖಾತೆಯ ಇಮೇಲ್ ವ್ಯಕ್ತಿಯ ಹೆಸರಿನದಾಗಿರಬಾರದು, ಹುದ್ದೆಯದಾಗಿರಬೇಕು. ವರ್ಗಾವಣೆಯಾದವರ ಜೊತೆ ಪಾಸ್‌ವರ್ಡೂ ಹೋಗುವುದು ಹೀಗೆ ತಪ್ಪುತ್ತದೆ. ಬಳಕೆ ನಿಂತ ಹೆಸರನ್ನೂ ನವೀಕರಿಸುತ್ತಲೇ ಇದ್ದು, ಹೊಸ ವಿಳಾಸಕ್ಕೆ ದಾರಿ ತೋರಿಸುವಂತೆ ಇಡಿ. ವರ್ಷಕ್ಕೆ ತಗಲುವ ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಆಯವ್ಯಯದಲ್ಲಿ ಒಂದು ಖಾಯಂ ಸಾಲು ಹಾಕಿಸಿ, ನವೀಕರಣದ ದಿನಾಂಕವನ್ನು ಲೆಕ್ಕಪತ್ರ ಶಾಖೆಯ ವಿದ್ಯುತ್ ಬಿಲ್ಲಿನ ರಿಜಿಸ್ಟರಿನಲ್ಲೇ ಬರೆಸಿ.